ವಿಜಯಪುರದ ಕಪ್ಪುಕಲ್ಲಿಗೂ ರಿಯೂನಿಯನ್ ದ್ವೀಪಕ್ಕೂ ಏನು ನಂಟು?

ಪ್ರಶ್ನೆ: ನಮ್ಮ ಕಡೆಯ ಕಪ್ಪುಕಲ್ಲು, ಮಾಲ್ಡೀವ್ಸ್, ಮಡಗಾಸ್ಕರ್ ಆಚೆಯ ರಿಯೂನಿಯನ್ ಎಲ್ಲವೂ ಒಂದೇ ಜ್ವಾಲಾಮುಖಿಯಿಂದ ಬಂದವು ಎಂದು ಓದಿದೆ. ನಿಜವೇ?
– ಓದುಗರೊಬ್ಬರು, ಸಿಂದಗಿ

ಉತ್ತರ: ಜ್ವಾಲಾಮುಖಿಗಳು ಬೇರೆ ಬೇರೆ, ಅವಕ್ಕೆ ಶಿಲಾರಸ ಒದಗಿಸಿದ ಬಿಸಿತಾಣ ಒಂದೇ. ನೆಲದಡಿಯ ಮ್ಯಾಂಟಲ್ ಎಂದರೆ ಕುದಿಯುವ ಲಾವಾದ ಕಡಲು ಎಂದು ಹಲವರು ತಿಳಿದಿದ್ದಾರೆ. ಅದು ಘನಶಿಲೆ, ಆದರೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ತೆವಳಬಲ್ಲದು. ಸುತ್ತಲಿಗಿಂತ ಬಿಸಿಯಾದ ಭಾಗ ಕಂಬದಂತೆ ಮೇಲೇಳುವ ಜಾಗವೇ ಬಿಸಿತಾಣ. ಮೇಲೆ ಬಂದಷ್ಟೂ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದಷ್ಟೂ ಕಲ್ಲು ಕಡಿಮೆ ತಾಪದಲ್ಲೇ ಕರಗುತ್ತದೆ. ಹೊಸ ಶಾಖ ಸೇರದೆಯೇ ಅದರ ಒಂದಂಶ ಕರಗಿ ಹೊರಬಂದು ಬಸಾಲ್ಟ್ ಎಂಬ ಕಪ್ಪುಕಲ್ಲು ಆಗುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಈ ಬಿಸಿತಾಣದ ಮೇಲಿತ್ತು. ಆಗ ಹರಿದ ಲಾವಾ ಈಗಲೂ ಸುಮಾರು 5 ಲಕ್ಷ ಚದರ ಕಿ.ಮೀ. ಹಾಸಿಕೊಂಡಿದೆ, ವಿಜಯಪುರ, ಬೀದರ್, ಕಲಬುರಗಿ, ಬೆಳಗಾವಿಯ ಕಪ್ಪುಕಲ್ಲು ಅದರ ದಕ್ಷಿಣದ ಅಂಚು. ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸರಿದಂತೆ ಹೊಸ ಜ್ವಾಲಾಮುಖಿಗಳು ದಕ್ಷಿಣಕ್ಕೆ ಸಾಲುಗಟ್ಟಿದವು: ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್. 1987ರಲ್ಲಿ ‘ಜೋಯಿಡಿಸ್ ರೆಸಲ್ಯೂಷನ್’ ಹಡಗು ಕಡಲತಳ ಕೊರೆದು ತೆಗೆದ ಬಸಾಲ್ಟಿನ ವಯಸ್ಸು ಮಾಲ್ಡೀವ್ಸ್ ಬಳಿ ಸುಮಾರು 5.7 ಕೋಟಿ ವರ್ಷ, ಛಾಗೋಸ್ ಬಳಿ 4.9 ಕೋಟಿ ವರ್ಷ.

ಸಾಲು ಛಾಗೋಸ್‌ನಲ್ಲಿ ತುಂಡಾದದ್ದಕ್ಕೂ ಕಾರಣವಿದೆ. ಎರಡು ಫಲಕಗಳು ಬೇರೆಯಾಗುವ ಸಾಗರಮಧ್ಯದ ಏಣು ಸರಿಯುತ್ತಾ ಬಂದು ಬಿಸಿತಾಣವನ್ನೇ ದಾಟಿತು. ಅಲ್ಲಿಂದಾಚೆಗಿನ ಜ್ವಾಲಾಮುಖಿಗಳು ಆಫ್ರಿಕಾ ಫಲಕದ ಮೇಲೆ ಎದ್ದವು. ಮಾರಿಷಸ್ ಹುಟ್ಟಿ 80–90 ಲಕ್ಷ ವರ್ಷವಾಗಿದೆ. ಅಲ್ಲಿಂದ ಸುಮಾರು 200 ಕಿ.ಮೀ. ದೂರದ ರಿಯೂನಿಯನ್ ನೀರಿನಿಂದ ಮೇಲೆದ್ದು ಸುಮಾರು 20 ಲಕ್ಷ ವರ್ಷ. ಅಲ್ಲಿನ ಪಿಟಾನ್ ದೆ ಲಾ ಫುರ್ನೇಸ್ ಇಂದಿಗೂ ಲಾವಾ ಉಕ್ಕಿಸುತ್ತಿದೆ.

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಬರೀ ಹವಳವಿದೆ. ಜ್ವಾಲಾಮುಖಿ ಎಲ್ಲಿ ಹೋಯಿತು?
– ಓದುಗರು, ಹುಬ್ಬಳ್ಳಿ

ಉತ್ತರ: ಹವಳದ ಕೆಳಗೇ ಇದೆ. ಕಡಲತಳ ವಯಸ್ಸಾದಂತೆ ತಣ್ಣಗಾಗಿ, ಸಾಂದ್ರವಾಗಿ, ತಗ್ಗುತ್ತದೆ. ಲೆಕ್ಕ ನೀವೇ ಹಾಕಬಹುದು: ವಯಸ್ಸನ್ನು ಹತ್ತು ಲಕ್ಷ ವರ್ಷಗಳ ಎಣಿಕೆಯಲ್ಲಿ ಬರೆದು, ವರ್ಗಮೂಲ ತೆಗೆದು, 350ರಿಂದ ಗುಣಿಸಿ, 2,500 ಕೂಡಿಸಿದರೆ ಆಳ ಮೀಟರಿನಲ್ಲಿ ಸಿಗುತ್ತದೆ. ಹೊಸ ತಳ ಒಂದು ಕೋಟಿ ವರ್ಷದಲ್ಲಿ ಸುಮಾರು 1,100 ಮೀಟರ್ ಇಳಿಯುತ್ತದೆ. ಅದರ ಮೇಲೆ ನಿಂತು ನೀರಿನಿಂದ 1,000 ಮೀಟರ್ ಎದ್ದ ಗುಡ್ಡ ಮಳೆ–ಅಲೆಗಳಿಗೆ ಸವೆಯದಿದ್ದರೂ ಮುಳುಗಿಯೇ ತೀರುತ್ತದೆ. ಸುಮಾರು ಏಳು ಕೋಟಿ ವರ್ಷ ದಾಟಿದ ತಳಕ್ಕೆ ಈ ಸೂತ್ರ ಹಾಕಬೇಡಿ, ಉತ್ತರ ಅತಿಯಾಗುತ್ತದೆ.

ಬೆಚ್ಚನೆಯ ನೀರಿನಲ್ಲಿ ಹವಳ ಮುಳುಗುವ ವೇಗಕ್ಕೆ ಸಮನಾಗಿ ಮೇಲೆ ಬೆಳೆಯುತ್ತದೆ. ಡಾರ್ವಿನ್ 1842ರಲ್ಲೇ ಹೀಗೆ ಊಹಿಸಿದ್ದರು. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್‌ನಲ್ಲಿ ಕೊರೆದಾಗ 1,200 ಮೀಟರಿಗೂ ಹೆಚ್ಚು ಸುಣ್ಣಕಲ್ಲು ದಾಟಿದ ಮೇಲೆ ಬಸಾಲ್ಟ್ ಸಿಕ್ಕಿತು. ಹವಳ ಬೆಳೆಯದ ತಣ್ಣೀರಿನಲ್ಲಾದರೆ ಅಲೆಗಳು ತಲೆ ಸವೆಸಿದ ಚಪ್ಪಟೆ ಗುಡ್ಡ ಮಾತ್ರ ನೀರಡಿ ಉಳಿಯುತ್ತದೆ.

ಪ್ರಶ್ನೆ: ಇಂಥ ಕಲ್ಲಿನ ವಯಸ್ಸಿನ ಅಂಕಿಗಳನ್ನು ಎಷ್ಟು ನಂಬಬಹುದು?
– ಓದುಗರು, ಮೈಸೂರು

ಉತ್ತರ: ಯಾವ ಕಲ್ಲು ಆರಿಸಿದ್ದಾರೆ ಎಂಬುದರ ಮೇಲಿದೆ. ಪೊಟ್ಯಾಸಿಯಂ ಕ್ಷಯಿಸಿ ಆರ್ಗಾನ್ ಆಗುವುದನ್ನು ಅಳೆದು ವಯಸ್ಸು ಹೇಳುತ್ತಾರೆ. ಕಡಲನೀರು ಸೇರಿದ ಬಸಾಲ್ಟ್ ಆರ್ಗಾನ್ ಕಳೆದುಕೊಂಡು ಪೊಟ್ಯಾಸಿಯಂ ಹೀರಿಕೊಂಡಿರುತ್ತದೆ, ಹಾಗಾಗಿ ಎಳೆಯದಾಗಿ ಕಾಣುತ್ತದೆ. ಅದಕ್ಕೇ ಮಾದರಿಯನ್ನು ಆಮ್ಲದಲ್ಲಿ ತೊಳೆದು, ಹಂತಹಂತವಾಗಿ ಕಾಯಿಸಿ, ಸತತ ಹಂತಗಳಲ್ಲಿ ಒಂದೇ ವಯಸ್ಸು ಬಂದರಷ್ಟೇ ಒಪ್ಪುತ್ತಾರೆ. ಇನ್ನೊಂದು ಮೋಸ ಮಾರಿಷಸ್‌ನಂಥ ಕಡೆ: ಮುಖ್ಯ ಜ್ವಾಲಾಮುಖಿ ತಣ್ಣಗಾದ ಎಷ್ಟೋ ಕಾಲದ ಮೇಲೆ ಹೊಸ ಲಾವಾ ಹಳೆಯದನ್ನು ಮುಚ್ಚಿದೆ. ಮೇಲಿನ ಕಲ್ಲನ್ನಷ್ಟೇ ಅಳೆದರೆ ದ್ವೀಪದ ಹುಟ್ಟು ಹಲವು ಲಕ್ಷ ವರ್ಷ ತಪ್ಪುತ್ತದೆ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೂ ಇದೇ ಸಾಲಿನದೇ?
– ಓದುಗರು, ಉಡುಪಿ

ಉತ್ತರ: ಅಲ್ಲ. ಅಲ್ಲಿನ ಕಂಬಗಳನ್ನು ಬಸಾಲ್ಟ್ ಎನ್ನುವುದು ರೂಢಿ, ಆದರೆ ಅದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾಶಿಲೆ. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ, ಅಂದರೆ ಮಡಗಾಸ್ಕರ್ ಭಾರತದಿಂದ ಸೀಳಿಹೋದ ಕಾಲದ್ದು.