ಟೇಬಲ್ ಮಾಯವಾಗಿಲ್ಲ, ಸರ್ಚ್ ಪಾತ್ ನೋಡಿ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಮ್ಮ ‘ಆರ್ಡರ್ಸ್’ ಟೇಬಲ್ ಪಬ್ಲಿಕ್, ಸೇಲ್ಸ್ ಎರಡೂ ಸ್ಕೀಮಾಗಳಲ್ಲಿ (ಟೇಬಲ್‌ಗಳನ್ನಿಡುವ ಗುಂಪುಗಳಲ್ಲಿ) ಇದೆ. ಟೇಬಲ್‌ಗಳ ಪಟ್ಟಿ ಕೊಡುವ \ಡಿಟಿ ಆಜ್ಞೆ ಕೊಟ್ಟರೆ ಪಬ್ಲಿಕ್‌ನದು ಮಾತ್ರ ಬರುತ್ತದೆ. ಸರ್ಚ್ ಪಾತ್‌ಗೆ (ಹೆಸರನ್ನು ಯಾವ ಸ್ಕೀಮಾಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬ ಪಟ್ಟಿಗೆ) ಸೇಲ್ಸ್ ಸೇರಿಸಿದೆವು, ಆಗ ಪಬ್ಲಿಕ್‌ನದು ಹೋಯಿತು! ಬ್ಯಾಕಪ್‌ನಿಂದ ತರಬೇಕೇ?

ಉತ್ತರ: ಬ್ಯಾಕಪ್ ಮುಟ್ಟಬೇಡಿ. ಟೇಬಲ್ ಇದ್ದಲ್ಲೇ ಇದೆ. ಈ ಪ್ರಶ್ನೆ ಮತ್ತೆ ಮತ್ತೆ ಬರಲು ಕಾರಣವೂ ಇದೆ. \ಡಿಟಿ ತೋರಿಸುವುದು ‘ಕಾಣುವ’ ಟೇಬಲ್‌ಗಳನ್ನು ಮಾತ್ರ. ಆದರೆ ‘ಕಾಣುವುದು’ ಎಂದರೇನು ಎಂಬ ವಿವರ ಕೈಪಿಡಿಯಲ್ಲಿ ಆ ಆಜ್ಞೆಯ ಪಕ್ಕದಲ್ಲಿಲ್ಲ, ಎಷ್ಟೋ ಕೆಳಗೆ ಪ್ಯಾಟರ್ನ್‌ಗಳ (ಹೆಸರು ಹುಡುಕುವ ನಮೂನೆಗಳ) ಭಾಗದಲ್ಲಿದೆ. ಅಲ್ಲಿಯವರೆಗೆ ಓದುವವರು ಕಡಿಮೆ.

ಷರತ್ತು ಎರಡು. ಟೇಬಲ್ ಇರುವ ಸ್ಕೀಮಾ ಸರ್ಚ್ ಪಾತ್‌ನಲ್ಲಿರಬೇಕು. ಪಾತ್‌ನಲ್ಲಿ ಅದಕ್ಕಿಂತ ಮುಂದಿರುವ ಯಾವ ಸ್ಕೀಮಾದಲ್ಲೂ ಅದೇ ಹೆಸರಿನದು ಇರಬಾರದು. ಎಲ್ಲರೂ ಮರೆಯುವುದು ಈ ಎರಡನೆಯದನ್ನು. ನೀವು ಪಾತ್ ಅನ್ನು ‘ಸೇಲ್ಸ್, ಪಬ್ಲಿಕ್’ ಎಂದು ಮಾಡಿದಾಗ ಸೇಲ್ಸ್‌ನ ಆರ್ಡರ್ಸ್ ಪಬ್ಲಿಕ್‌ನದನ್ನು ಮರೆಮಾಡಿತು. ಅದೇ ಹೆಸರಿನ ಟೆಂಪರರಿ ಟೇಬಲ್ ಮಾಡಿದರೂ ಇದೇ ಗತಿ, ಏಕೆಂದರೆ ಟೇಬಲ್‌ಗಳ ಹುಡುಕಾಟದಲ್ಲಿ ಟೆಂಪರರಿ ಸ್ಕೀಮಾ ಎಲ್ಲಕ್ಕಿಂತ ಮೊದಲು ಬರುತ್ತದೆ.

ಎರಡೂ ಬೇಕಿದ್ದರೆ \ಡಿಟಿ *.ಆರ್ಡರ್ಸ್ ಕೊಡಿ (* ಎಂದರೆ ಯಾವ ಹೆಸರಾದರೂ ಸರಿ). ಸೇಲ್ಸ್‌ನ ಎಲ್ಲವೂ ಬೇಕಿದ್ದರೆ \ಡಿಟಿ ಸೇಲ್ಸ್.* ಕೊಡಿ. ಚುಕ್ಕಿ ಬಿಟ್ಟರೆ ‘ಸೇಲ್ಸ್’ ಹೆಸರಿನ ಟೇಬಲ್ ಹುಡುಕಿ, ಸಿಗಲಿಲ್ಲ ಎನ್ನುತ್ತದೆ. \ಡಿಟಿ *.* ಎಂದರೆ ಡೇಟಾಬೇಸ್‌ನ ಎಲ್ಲವೂ, ಸಿಸ್ಟಂ ಟೇಬಲ್‌ಗಳೂ ಸೇರಿ.

‘ಕಾಣುವುದು’ ಎಂದರೆ ಅನುಮತಿ ಎಂದುಕೊಂಡು ಎಲ್ಲರಿಗೂ ಗ್ರಾಂಟ್ ಆಲ್ (ಎಲ್ಲ ಅನುಮತಿ) ಕೊಡಿ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಸೆಲೆಕ್ಟ್ (ಓದುವ) ಅನುಮತಿ ಇಲ್ಲದ ಟೇಬಲ್ ಕೂಡ \ಡಿಟಿ ಪಟ್ಟಿಯಲ್ಲಿ ಬರುತ್ತದೆ. ಅನುಮತಿಯ ಪಾತ್ರ ಒಂದೇ ಕಡೆ: ಸ್ಕೀಮಾದ ಮೇಲೆ ಯೂಸೇಜ್ (ಬಳಸುವ ಅನುಮತಿ) ಇಲ್ಲದಿದ್ದರೆ ಪಾತ್‌ನಲ್ಲಿ ಬರೆದಿದ್ದರೂ ಪೋಸ್ಟ್‌ಗ್ರೆಸ್ ಅದನ್ನು ಸದ್ದಿಲ್ಲದೆ ದಾಟಿಹೋಗುತ್ತದೆ. ಹಾಗಾಗಿ ‘ಶೋ ಸರ್ಚ್_ಪಾತ್’ ಒಂದನ್ನೇ ನಂಬಬೇಡಿ, ಅದು ಬರೆದದ್ದನ್ನಷ್ಟೇ ಹೇಳುತ್ತದೆ. ನಿಜಕ್ಕೂ ಜಾರಿಯಲ್ಲಿರುವ ಪಾತ್ ಬೇಕಿದ್ದರೆ ‘ಸೆಲೆಕ್ಟ್ ಕರೆಂಟ್_ಸ್ಕೀಮಾಸ್(ಟ್ರೂ)’ ಕೊಡಿ.

ಪ್ರಶ್ನೆ: ಹಾಗಾದರೆ ಎಲ್ಲ ಸ್ಕೀಮಾಗಳನ್ನೂ ಪಾತ್‌ಗೆ ಹಾಕಿಬಿಡಬಹುದೇ?

ಉತ್ತರ: ಬೇಡ. ಕಂಡಕಂಡವರು ಟೇಬಲ್, ಫಂಕ್ಷನ್ ಮಾಡಬಹುದಾದ ಸ್ಕೀಮಾ ಪಾತ್‌ನಲ್ಲಿದ್ದರೆ ನಿಮ್ಮ ಕ್ವೆರಿ ಅವರ ಫಂಕ್ಷನ್ ಅನ್ನು ಓಡಿಸೀತು. 15ನೇ ಆವೃತ್ತಿಯಿಂದ ಹೊಸ ಡೇಟಾಬೇಸ್‌ಗಳ ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲರಿಗೂ ಇದ್ದ ಕ್ರಿಯೇಟ್ ಅನುಮತಿ ತೆಗೆದದ್ದು ಇದೇ ಭಯಕ್ಕೆ. ಕೋಡ್‌ನಲ್ಲಿ ಸ್ಕೀಮಾ ಸಹಿತ ಪೂರ್ತಿ ಹೆಸರು ಬರೆಯಿರಿ.

ಪ್ರಶ್ನೆ: ಬಳಕೆದಾರರ ಸೆಟ್ಟಿಂಗ್ ಬದಲಿಸುವ ‘ಆಲ್ಟರ್ ರೋಲ್’ ಮೂಲಕ ಪಾತ್ ಬದಲಿಸಿದೆ, ಏನೂ ಆಗಲಿಲ್ಲ.

ಉತ್ತರ: ಹೊರಬಂದು ಮತ್ತೆ ಲಾಗಿನ್ ಆಗಿ.

ಪ್ರಶ್ನೆ: ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ಗೆ ‘-ಟಿ ಆರ್ಡರ್ಸ್’ ಎಂದರೆ ಎರಡರಲ್ಲಿ ಒಂದೇ ಟೇಬಲ್ ಕೊಟ್ಟಿತು.

ಉತ್ತರ: 8.2ನೇ ಆವೃತ್ತಿಯಿಂದಲೂ ಹೀಗೇ, ಅಲ್ಲೂ ಇದೇ ನಿಯಮ. ಶೆಲ್ ತಾನೇ * ಬಿಡಿಸದಂತೆ ಉದ್ಧರಣ ಚಿಹ್ನೆಯೊಳಗೆ '*.ಆರ್ಡರ್ಸ್' ಕೊಡಿ.