ಜಿಬ್ ಒಂದರಲ್ಲೇ ಹಾಯಿದೋಣಿ ಓಡಿಸಿದರೆ ಮಾಸ್ಟ್ ಮುರಿಯುತ್ತದೆಯೇ?

ಹದಿನಾಲ್ಕು ಅಡಿಯ ಹಳೆಯ ಡಿಂಗಿ, ಅಂದರೆ ಸಣ್ಣ ಹಾಯಿದೋಣಿ, ಕೊಂಡಿದ್ದೀರಿ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಗಾಳಿ ಜೋರಾದಾಗ ದೊಡ್ಡ ಹಾಯಿಯಾದ ಮೇನ್‌ಸೇಲ್ ಇಳಿಸಿ, ಮುಂದಿನ ಚಿಕ್ಕ ಹಾಯಿಯಾದ ಜಿಬ್ ಒಂದನ್ನೇ ಬಿಟ್ಟುಕೊಂಡು ಹೋಗೋಣ ಅಂದುಕೊಂಡಿದ್ದೀರಿ. ಹಾಗೆ ಮಾಡಿದರೆ ಮಾಸ್ಟ್, ಅಂದರೆ ಹಾಯಿಕಂಬ, ಮುರಿದು ಬೀಳುತ್ತದೆ ಎಂದು ಗೆಳೆಯರು ಹೇಳಿದ್ದಾರೆ, ನಿಜವೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿ ನಾನು ಹಾಯಿ ಹಿಡಿಯಲು ಕಲಿತೆ, ಈಗ ಇರುವುದು ಸಾಗರ ಪಟ್ಟಣದಲ್ಲಿ. ಹಾಗಾಗಿ ಈ ಹಿನ್ನೀರಿನ ಗಾಳಿಯೂ ಗೊತ್ತು.

ಜಿಬ್ ಒಂದೇ ಇದ್ದ ಮಾತ್ರಕ್ಕೆ ಮಾಸ್ಟ್ ಮುರಿಯುವುದಿಲ್ಲ. ಮಾಸ್ಟನ್ನು ಅಕ್ಕಪಕ್ಕದಿಂದ ಹಿಡಿದಿರುವ ಶ್ರೌಡ್ ತಂತಿಗಳ ಮೇಲೆ ಬೀಳುವ ಎಳೆತ ಬಹುಪಾಲು, ದೋಣಿ ವಾಲದೆ ಎಷ್ಟು ಎದುರು ನಿಲ್ಲುತ್ತದೆ ಎಂಬುದರ ಮೇಲೆ ಹೋಗುತ್ತದೆ. ಡಿಂಗಿಯಂಥ ಹಗುರ ದೋಣಿ ಒಂದು ಮಿತಿ ದಾಟಿದರೆ ಮಗುಚಿಕೊಳ್ಳುತ್ತದೆ. ಆ ಮಿತಿಯೊಳಗೆ ಗಾಳಿ ಯಾವ ಹಾಯಿಗೆ ಬಡಿದರೂ ಶ್ರೌಡಿಗೆ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ಆಗುವುದು ಹಿಂದೆ-ಮುಂದೆ. ಮೇನ್‌ಸೇಲನ್ನು ಹಿಡಿದಿರುವ ಮೇನ್‌ಶೀಟ್ ಹಗ್ಗ ಬಿಗಿ ಎಳೆದಾಗ ಆ ಹಾಯಿಯ ಹಿಂದಂಚು ಮಾಸ್ಟ್‌ನ ತುದಿಯನ್ನು ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ. ದೊಡ್ಡ ದೋಣಿಗಳಲ್ಲಿ ಆ ಕೆಲಸಕ್ಕೆ ಬ್ಯಾಕ್‌ಸ್ಟೇ ಎಂಬ ಬೇರೆ ತಂತಿಯೇ ಇರುತ್ತದೆ, ಡಿಂಗಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೇನ್ ಇಳಿಸಿದಿರೆಂದರೆ ಆ ಹಿಡಿತ ಹೋಯಿತು. ಮುಂದಕ್ಕೆ ಎಳೆಯುವ ಜಿಬ್ ಮಾತ್ರ ಉಳಿಯಿತು. ಹಿಂದಕ್ಕೆ ಹಿಡಿಯಲು ಶ್ರೌಡ್‌ಗಳಷ್ಟೇ ಗತಿ. ದೋಣಿಯ ಪಕ್ಕದಲ್ಲಿ ನಿಂತು ನೋಡಿ: ಶ್ರೌಡ್‌ನ ಬುಡ ಮಾಸ್ಟ್‌ಗಿಂತ ಒಂದಷ್ಟು ಹಿಂದೆ ಕೂತಿದ್ದರೆ ಸರಿ. ಮಾಸ್ಟ್‌ನ ನೇರಕ್ಕೇ ಇದ್ದರೆ ನಿಮ್ಮ ಗೆಳೆಯರ ಮಾತು ಕೇಳಿ. ಅಂಥ ದೋಣಿ ಅಲೆಗೆ ಸಿಕ್ಕಾಗ ಮಾಸ್ಟ್‌ನ ನಡುಭಾಗ ಹಿಂದೆ-ಮುಂದೆ ಜೀಕುತ್ತದೆ, ಲೋಹ ದಣಿಯುವುದು ಹೀಗೇ.

ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಹಲವು ಡಿಂಗಿಗಳಲ್ಲಿ ಜಿಬ್‌ನ ಮುಂದಂಚಿನೊಳಗೆ ಒಂದು ತಂತಿ ಹೊಲಿದಿರುತ್ತಾರೆ. ಜಿಬ್ ಬಿಗಿಯಾಗಿ ಏರಿಸಿದ ಮೇಲೆ ಪಕ್ಕದಲ್ಲಿ ಮಾಸ್ಟ್‌ನಿಂದ ದೋಣಿಯ ಮೂತಿಗೆ ಬರುವ ಫೋರ್‌ಸ್ಟೇ ತಂತಿ ಮುಟ್ಟಿ ನೋಡಿ, ಸಡಿಲವಾಗಿ ತೂಗುತ್ತಿರುತ್ತದೆ. ಅಂದರೆ ಆಗ ಮಾಸ್ಟನ್ನು ಮುಂದಿನಿಂದ ಹಿಡಿದಿರುವುದು ಆ ತಂತಿ, ಮತ್ತು ಜಿಬ್ ಏರಿಸುವ ಹಗ್ಗ, ಅಂದರೆ ಹ್ಯಾಲ್ಯಾರ್ಡ್. ಅದರ ಕೊಕ್ಕೆ, ತುದಿಯ ರಾಟೆ, ಪಿನ್ನುಗಳನ್ನು ಮೊದಲು ಪರೀಕ್ಷಿಸಿ. ತಂತಿಗಳ ಮೇಲೆ ಹಳೆಯ ಹತ್ತಿಬಟ್ಟೆ ಸುತ್ತಿ ಮೇಲಿಂದ ಕೆಳಗೆ ಸವರಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ಮುರಿದಿದೆ ಎಂದೇ ಅರ್ಥ. ತಂತಿ ಲೋಹದ ತುದಿಯೊಳಗೆ ಸೇರುವ ಜಾಗದಲ್ಲಿ ಎಳೆ ಮೊದಲು ಹೋಗುತ್ತದೆ. ಒಂದೇ ಎಳೆ ತಾನೇ ಎಂದು ಬಿಡಬೇಡಿ, ಆ ತಂತಿಯನ್ನೇ ಬದಲಿಸಿ. ಜಿಬ್ಬನ್ನು ಗಾಳಿಗೆ ಪಟಪಟ ಹೊಡೆದುಕೊಳ್ಳಲು ಬಿಡುವುದೂ ಬೇಡ, ಆ ಅದುರುವಿಕೆಗೆ ಪಿನ್ನಿನ ರಿಂಗುಗಳು ಕಳಚುತ್ತವೆ.

ನನ್ನ ನಿಜವಾದ ಆತಂಕ ಬೇರೆ. ಜಿಬ್ ಒಂದೇ ಇದ್ದಾಗ ಗಾಳಿಯ ಒತ್ತಡ ದೋಣಿಯ ಮೂತಿಯ ಕಡೆ ಸರಿಯುತ್ತದೆ. ಚುಕ್ಕಾಣಿ ಎಷ್ಟು ಹಿಡಿದರೂ ಮೂತಿ ಗಾಳಿಯಿಂದ ಆಚೆಗೇ ತಿರುಗುತ್ತದೆ. ನೀವು ಹಿಂದಕ್ಕೆ ಸರಿದು ಕೂತು, ದೋಣಿಯಡಿ ನೀರಿಗೆ ಇಳಿಬಿಟ್ಟ ಹಲಗೆಯಾದ ಸೆಂಟರ್‌ಬೋರ್ಡ್ ಸ್ವಲ್ಪ ಮೇಲೆತ್ತಿದರೆ ಒಂದಿಷ್ಟು ಹತೋಟಿಗೆ ಬರುತ್ತದೆ. ಆದರೂ ಗಾಳಿಗೆದುರಾಗಿ ಏರುವುದು ಬಹಳ ಕಷ್ಟ. ಮಳೆಗಾಲದಲ್ಲಿ ಇಲ್ಲಿ ಬೀಸುವುದು ನೈಋತ್ಯದ ಗಾಳಿ. ಅದು ಬೆನ್ನಿಗಿದ್ದಾಗ ಹೋಗುವುದು ಸುಖ, ಹೊರಟ ದಡಕ್ಕೆ ಮರಳುವಾಗ ಅದೇ ಗಾಳಿ ಎದುರು. ಗುಡ್ಡದ ಸಂದುಗಳಿಂದ ಗಾಳಿ ದಿಕ್ಕು ಬದಲಿಸಿ ನುಗ್ಗುವುದೂ ಇದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಹತೋಟಿ ತಪ್ಪಿದ ದೋಣಿ ಅವುಗಳ ಮಧ್ಯೆ ಹೋಗಬಾರದು.

ಹಾಗಾಗಿ ಜಿಬ್ ಒಂದನ್ನು ಗಾಳಿ ಬೆನ್ನಿಗೋ ಪಕ್ಕಕ್ಕೋ ಇದ್ದಾಗ, ಸ್ವಲ್ಪ ದೂರಕ್ಕೆ ಬಳಸಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಜೋರು ಗಾಳಿಗೆ ಮೇನನ್ನು ಪೂರ್ತಿ ಇಳಿಸುವ ಬದಲು ರೀಫ್ ಮಾಡಿ, ಅಂದರೆ ಕೆಳಭಾಗ ಮಡಿಸಿ ಕಟ್ಟಿ, ಚಿಕ್ಕದಾಗಿಸುವುದು ಒಳ್ಳೆಯದು. ಮಾಸ್ಟ್‌ಗೆ ಹಿಂದಿನ ಹಿಡಿತವೂ ಉಳಿಯುತ್ತದೆ, ಚುಕ್ಕಾಣಿಯೂ ಮಾತು ಕೇಳುತ್ತದೆ. ನಿಮ್ಮ ಹಾಯಿಯಲ್ಲಿ ರೀಫ್ ಕಟ್ಟುವ ತೂತುಗಳಿಲ್ಲದಿದ್ದರೆ ಹಾಯಿ ಹೊಲಿಯುವವರಲ್ಲಿ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಜೋರು ಗಾಳಿಯ ದಿನ ದೋಣಿ ದಡದಲ್ಲೇ ಇರಲಿ.