ಕೋಡ್ ಬದಲಾಯ್ತು, ಕೈಪಿಡಿ ಹಾಗೇ ಉಳೀತು

ಪ್ರಶ್ನೆ: ನಾವು ಮೂವರು ಗೆಳೆಯರು ಅಡಿಕೆ ಬೆಳೆಗಾರರ ಲೆಕ್ಕ ಇಡುವ ಓಪನ್ ಸೋರ್ಸ್ ತಂತ್ರಾಂಶ ಮಾಡಿದ್ದೇವೆ. ಬಳಸುವ ವಿವರ ಅರ್ಧ ವಿಕಿಯಲ್ಲಿದೆ, ಅರ್ಧ ವಾಟ್ಸಾಪ್‌ನಲ್ಲಿ. ಹೊಸಬರು ಎಲ್ಲದಕ್ಕೂ ಫೋನ್ ಮಾಡುತ್ತಾರೆ. ಎಲ್ಲಿಂದ ಸರಿಮಾಡೋದು?
– ಓದುಗರು, ಸಾಗರ

ಉತ್ತರ: ಫೋನ್ ಮಾಡುವವರ ಮೇಲೆ ಸಿಟ್ಟಾಗಬೇಡಿ. ಕೈಪಿಡಿಯಲ್ಲಿ ಏನಿಲ್ಲ ಅಂತ ಪುಕ್ಕಟೆಯಾಗಿ ಹೇಳುವವರು ಅವರೇ. ಒಂದು ವಾರ ಅವರ ಪ್ರಶ್ನೆಗಳನ್ನು ಬರೆದಿಡಿ. ಮೊದಲು ಬರೆಯಬೇಕಾದ ಪುಟಗಳು ಅವೇ.

ಆಮೇಲೆ ಎಲ್ಲವನ್ನೂ ಮಾರ್ಕ್‌ಡೌನ್ ಫೈಲ್ (ಸರಳ ಗುರುತುಗಳಿರುವ ಪಠ್ಯ) ಮಾಡಿ, ಕೋಡ್ ಇರುವ ಗಿಟ್ ರೆಪೊಸಿಟರಿಯಲ್ಲೇ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಂಗ್ರಹ) ಒಂದು ಫೋಲ್ಡರ್‌ಗೆ ಹಾಕಿ. ವಿಕಿಯಲ್ಲಿ ‘ಇಲ್ಲಿ ನೋಡಿ’ ಅಂತ ಕೊಂಡಿ ಬಿಟ್ಟರೆ ಸಾಕು.

ಇದು ನಾನು ಪೆಟ್ಟು ತಿಂದು ಕಲಿತದ್ದು. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ ಜಗಲಿಯಲ್ಲಿ ಕೂತು, ಒಂದು ಮಳೆಗಾಲ, ಸೆಟ್ಟಿಂಗ್ ಫೈಲಿನ ಒಂದು ಹೆಸರು ಬದಲಾಯಿಸಿದೆ. ಎರಡೇ ಸಾಲು. ವಿಕಿ ಆಮೇಲೆ ತಿದ್ದೋಣ ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯ್ತು, ಮೂರು ದಿನ ಬರಲಿಲ್ಲ. ನನಗೆ ಮರೆತೇ ಹೋಯ್ತು. ದೀಪಾವಳಿ ಹೊತ್ತಿಗೆ ಒಬ್ಬ ಹುಡುಗ ವಿಕಿ ನೋಡಿ ಹಳೇ ಹೆಸರೇ ಹಾಕಿದ್ದಾನೆ. ಗೊತ್ತಿಲ್ಲದ ಹೆಸರನ್ನು ನಮ್ಮ ಪ್ರೋಗ್ರಾಮ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತಿತ್ತು, ತಪ್ಪು ಅಂತಲೂ ಹೇಳುತ್ತಿರಲಿಲ್ಲ. ಪಾಪ, ರಾತ್ರಿಯಿಡೀ ಒದ್ದಾಡಿದ್ದಾನೆ. ಬೆಳಿಗ್ಗೆ ಫೋನ್: “ಅಣ್ಣಾ, ನಂಗೇ ಅರ್ಥ ಆಗ್ತಿಲ್ವಾ?”

ಅವತ್ತಿನಿಂದ ಕೋಡ್ ಬದಲಾಯಿಸುವ ಪುಲ್ ರಿಕ್ವೆಸ್ಟ್‌ನಲ್ಲೇ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಅದರ ಪುಟವೂ ಬದಲಾಗಿರಬೇಕು. ಇಲ್ಲದಿದ್ದರೆ ಮರ್ಜ್ ಮಾಡೋದಿಲ್ಲ, ನನ್ನದಾದರೂ ಸರಿ. 2010ರಲ್ಲಿ ಶುರುವಾದ, ಕೈಪಿಡಿ ಪ್ರಕಟಿಸುವ ಜಾಲತಾಣ ರೀಡ್ ದ ಡಾಕ್ಸ್‌ಗೆ ರೆಪೊಸಿಟರಿ ಜೋಡಿಸಿದರೆ, ನೀವು ಆರಿಸಿದ ಪ್ರತಿ ಆವೃತ್ತಿಗೂ ಬೇರೆ ಕೈಪಿಡಿ ತಾನೇ ತಯಾರಾಗುತ್ತದೆ. ಹಳೇ ಆವೃತ್ತಿ ಬಳಸುವವರು ಹಳೇ ಪುಟ ನೋಡುತ್ತಾರೆ.

ಪುಟಗಳನ್ನು ವಿಂಗಡಿಸಲು ಡಯಾಟಾಕ್ಸಿಸ್ ಅನ್ನೋ ಪದ್ಧತಿ ಇದೆ: ಪಾಠ, ಕೆಲಸದ ಸೂಚನೆ, ಪೂರ್ತಿ ವಿವರಪಟ್ಟಿ, ಹಿನ್ನೆಲೆ. ಮೂವರೇ ಇರುವಾಗ ಮೊದಲಿನ ಎರಡು ಸಾಕು. ಹೊಸಬರಿಗೆ, ಒಂದು ಮೂಟೆ ‘ರಾಶಿ’ ಬಗೆಯ ಅಡಿಕೆ ಲೆಕ್ಕಕ್ಕೆ ಹಾಕಿ ಬಿಲ್ ತೆಗೆಯುವ ತನಕ ಕೈಹಿಡಿದು ನಡೆಸುವ ಪಾಠ. ಪಳಗಿದವರಿಗೆ, ‘ಬೆಟ್ಟೆ, ಗೊರಬಲು ಬಗೆಯ ಅಡಿಕೆಗೆ ಬೇರೆ ಬೇರೆ ದರ ಹಾಕೋದು ಹೇಗೆ’ ಅನ್ನುವಂಥ ಅರ್ಧ ಪುಟ. ಎರಡನ್ನೂ ಕಲಸಬೇಡಿ. ದರ ಹುಡುಕಿಕೊಂಡು ಬಂದವರಿಗೆ ಇನ್‌ಸ್ಟಾಲ್ ಮಾಡೋ ಕಥೆ ಯಾಕೆ, ಅಲ್ವಾ?

ಸ್ಕ್ರೀನ್‌ಶಾಟ್ ಜಾಸ್ತಿ ಬೇಡ. ಒಂದು ಬಟನ್ ಜರುಗಿದರೆ ಎಲ್ಲ ಚಿತ್ರ ಮತ್ತೆ ತೆಗೆಯಬೇಕು.

ಪ್ರಶ್ನೆ: ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ?
– ಓದುಗರು, ಹೊಸನಗರ

ಉತ್ತರ: ಬಳಸುವವರ ಪುಟ ಕನ್ನಡದಲ್ಲಿರಲಿ, ಕೋಡ್ ಬರೆಯುವವರದ್ದು ಇಂಗ್ಲಿಷಿನಲ್ಲಿ. ಆದರೆ ಪರದೆ ಮೇಲಿನ ಬಟನ್ ‘ಉಳಿಸಿ’ ಅಂತಿದ್ದರೆ ಕೈಪಿಡಿಯಲ್ಲೂ ‘ಉಳಿಸಿ’ ಅಂತಲೇ ಬರೆಯಿರಿ. ನಾನು ‘ಸೇವ್ ಒತ್ತಿ’ ಅಂತ ಬರೆದಿದ್ದೆ. ನಮ್ಮ ಚಿಕ್ಕಪ್ಪ ಆ ಬಟನ್ ಹುಡುಕುತ್ತಾ ಕಾಲು ಗಂಟೆ ಕೂತಿದ್ದರು.